ಕ್ಯೂಬ್: ಹಣದ ಕೊರತೆ ಎಲ್ಲಿ, ಬರವಣಿಗೆಯ ಕೊರತೆ ಎಲ್ಲಿ

ವಿನ್ಸೆಂಜೊ ನಟಾಲಿ ನಿರ್ದೇಶಿಸಿದ ಕೆನಡಾದ 'ಕ್ಯೂಬ್' ಚಿತ್ರ 1997ರಲ್ಲಿ ಬಂದಾಗಿನಿಂದ ಇಂದಿನವರೆಗೂ ಅದನ್ನು ನೋಡಿದವರಲ್ಲಿ ಒಮ್ಮತ ಮೂಡಿಲ್ಲ. ಕೆಲವರ ಪಾಲಿಗೆ ಅದು ವೈಜ್ಞಾನಿಕ ಕಥೆಯ ಕುತೂಹಲವನ್ನೂ ಭಯಾನಕ ಕಥೆಯ ದಿಗಿಲನ್ನೂ ಒಂದೇ ಕೋಣೆಯಲ್ಲಿ ಕೂಡಿಸಿದ ಅಪರೂಪದ ಕೃತಿ. ಇನ್ನು ಕೆಲವರ ಪಾಲಿಗೆ ಉತ್ತಮವಾದ ಕಲ್ಪನೆಯೊಂದನ್ನು ಕೃತಕ ಅಭಿನಯದಿಂದ ಹಾಳುಮಾಡಿಕೊಂಡ ಪ್ರಯತ್ನ. ಆದರೆ ಮೆಚ್ಚಿದವರೂ ಮೆಚ್ಚದವರೂ ತಮ್ಮ ಮಾತನ್ನು ಮುಗಿಸುವಾಗ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತಾರೆ: ಇಷ್ಟು ಕಡಿಮೆ ಹಣದಲ್ಲಿ ಇಷ್ಟಾದರೂ ಮಾಡಿದ್ದಾರಲ್ಲ! ಈ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಹಣವಿಲ್ಲದ್ದರಿಂದಲೇ ಈ ಚಿತ್ರಕ್ಕೆ ದಕ್ಕಿದ ಗುಣಗಳನ್ನು ಅದು ಬರಿಯ ರಿಯಾಯಿತಿಯ ಮಟ್ಟಕ್ಕೆ ಇಳಿಸುತ್ತದೆ. ಹಣಕ್ಕೆ ಸಂಬಂಧವೇ ಇಲ್ಲದ ದೋಷಗಳಿಗೂ ಅದೇ ರಿಯಾಯಿತಿಯನ್ನು ಕೊಟ್ಟುಬಿಡುತ್ತದೆ.

ಮುಂದೆ ಚಿತ್ರದ ಕೊನೆಯವರೆಗಿನ ಸಂಗತಿಗಳನ್ನು ಚರ್ಚಿಸಲಿದ್ದೇನೆ. ಇನ್ನೂ ನೋಡಿಲ್ಲದವರು ನೋಡಿಬಂದ ಮೇಲೆ ಓದುವುದು ಒಳ್ಳೆಯದು.

ಕಥೆಯ ಚೌಕಟ್ಟು ಸರಳವಾದದ್ದು. ಪರಸ್ಪರ ಪರಿಚಯವಿಲ್ಲದ ಕೆಲವರು ಘನಾಕಾರದ ಕೋಣೆಗಳಲ್ಲಿ ಎಚ್ಚರಗೊಳ್ಳುತ್ತಾರೆ. ಪ್ರತಿ ಕೋಣೆಯ ನಾಲ್ಕು ಗೋಡೆಗಳಲ್ಲಿಯೂ ಮೇಲ್ಛಾವಣಿಯಲ್ಲಿಯೂ ನೆಲದಲ್ಲಿಯೂ ಒಂದೊಂದು ಬಾಗಿಲಿದ್ದು, ಆ ಬಾಗಿಲುಗಳಾಚೆಗೆ ಬಣ್ಣವೊಂದನ್ನು ಬಿಟ್ಟರೆ ಎಲ್ಲ ರೀತಿಯಿಂದಲೂ ಇದರಂತೆಯೇ ಇರುವ ಕೋಣೆಗಳಿವೆ. ಕೆಲವು ಕೋಣೆಗಳು ನಿರಪಾಯಕಾರಿ, ಕೆಲವು ಒಳಗೆ ಕಾಲಿಟ್ಟವರನ್ನು ಕ್ಷಣದಲ್ಲಿ ಕೊಲ್ಲುವ ಯಂತ್ರಗಳು. ಅನ್ನವಿಲ್ಲ, ನೀರಿಲ್ಲ, ತಮ್ಮನ್ನು ಇಲ್ಲಿಗೆ ತಂದವರು ಯಾರೆಂಬುದೂ ಅವರಿಗೆ ತಿಳಿದಿಲ್ಲ. ಬಾಗಿಲುಗಳ ನಡುವಿನ ಕಿರುದಾರಿಯಲ್ಲಿ ಕೆತ್ತಿರುವ ಮೂರಂಕಿಯ ಮೂರು ಸಂಖ್ಯೆಗಳಷ್ಟೇ ಅವರಿಗಿರುವ ಸುಳಿವು.

ಈ ಚಿತ್ರ ತಯಾರಾದ ಬಗೆಯನ್ನು ತಿಳಿದಾಗ ಕಡಿಮೆ ವೆಚ್ಚದ ಪ್ರಶ್ನೆಗೆ ಬೇರೆಯದೇ ಅರ್ಥ ಬರುತ್ತದೆ. ನಟಾಲಿ ಮತ್ತು ಅವರ ತಂಡದ ಕೈಯಲ್ಲಿದ್ದ ನಗದು ಸುಮಾರು 3.5 ಲಕ್ಷ ಕೆನಡಿಯನ್ ಡಾಲರ್. ಅದರಲ್ಲಿ ಟೊರಾಂಟೊದ ಸ್ಟುಡಿಯೊವೊಂದರಲ್ಲಿ ಅವರು ಕಟ್ಟಿದ್ದು ಬದಿಯೊಂದಕ್ಕೆ 14 ಅಡಿಯ ಒಂದೇ ಒಂದು ಪೂರ್ಣ ಘನ. ಒಂದು ಕೋಣೆಯಿಂದ ಮತ್ತೊಂದಕ್ಕೆ ಇಣುಕುವ ದೃಶ್ಯಗಳಿಗಾಗಿ ಎರಡನೆಯ ಘನದ ಒಂದು ಭಾಗವನ್ನು ಮಾತ್ರ ಕಟ್ಟಿಕೊಂಡರು. ನಟರ ಭಾರವನ್ನು ತಾಳಿಕೊಂಡು ನಿಜವಾಗಿ ತೆರೆದು ಮುಚ್ಚುತ್ತಿದ್ದ ಬಾಗಿಲು ಒಂದೇ ಒಂದು. ಗೋಡೆಯ ಫಲಕಗಳಲ್ಲಿನ ಬಣ್ಣದ ಹಾಳೆಗಳನ್ನು ಬದಲಿಸಿದಾಗ ಕೆಂಪು ಕೋಣೆ ನೀಲಿಯಾಗುತ್ತಿತ್ತು, ನೀಲಿ ಕೋಣೆ ಹಸಿರಾಗುತ್ತಿತ್ತು. ಹಾಗೆ ಬದಲಿಸಲು ಬಹಳ ಸಮಯ ಹಿಡಿಯುತ್ತಿದ್ದುದರಿಂದ ಒಂದು ಬಣ್ಣದ ಕೋಣೆಯ ದೃಶ್ಯಗಳನ್ನೆಲ್ಲ ಒಟ್ಟಿಗೇ ಚಿತ್ರೀಕರಿಸಬೇಕಾಯಿತು. ಅಂದರೆ ನಟರು ತಮ್ಮ ಪಾತ್ರಗಳ ಆರಂಭದ ಗೊಂದಲವನ್ನೂ ಕೊನೆಯ ಹತಾಶೆಯನ್ನೂ ಕಥೆಯ ಕ್ರಮದಲ್ಲಲ್ಲ, ಗೋಡೆಯ ಬಣ್ಣದ ಕ್ರಮದಲ್ಲಿ ಅಭಿನಯಿಸಬೇಕಾಯಿತು. ಗಣಕಯಂತ್ರದಿಂದ ಮೂಡಿಸಿದ ದೃಶ್ಯಗಳನ್ನು ಕೋರ್ ಡಿಜಿಟಲ್ ಪಿಕ್ಚರ್ಸ್ ಸಂಸ್ಥೆ ಶುಲ್ಕ ಪಡೆಯದೆ ಮಾಡಿಕೊಟ್ಟಿತು.

ಇಷ್ಟನ್ನು ಓದಿದವರಿಗೆ ಅನುಕಂಪ ಹುಟ್ಟುವುದು ಸಹಜ. ಆದರೆ ನೋಡುವಾಗ ಆಗುವ ಅನುಭವವೇನು? ಒಂದೇ ಸೆಟ್ಟನ್ನು ಮತ್ತೆ ಮತ್ತೆ ನೋಡುತ್ತಿದ್ದೇವೆಂಬ ಬೇಸರ ನನಗೆ ಎಲ್ಲಿಯೂ ಬರಲಿಲ್ಲ. ಎಷ್ಟು ನಡೆದರೂ ಎಲ್ಲಿಗೂ ತಲುಪುತ್ತಿಲ್ಲವೆಂಬ ಪಾತ್ರಗಳ ದಿಗಿಲು ನನ್ನದೂ ಆಯಿತು. ಕೋಟಿಗಟ್ಟಲೆ ಹಣವಿದ್ದು ಹತ್ತಾರು ಬಗೆಯ ಕೋಣೆಗಳನ್ನು ಕಟ್ಟಿದ್ದರೆ ಪ್ರೇಕ್ಷಕನಿಗೆ ಮುಂದಿನ ಕೋಣೆಯನ್ನು ನೋಡುವ ಆಸೆ ಹುಟ್ಟುತ್ತಿತ್ತು, ಮತ್ತು ಆಸೆ ಹುಟ್ಟಿದಲ್ಲಿ ಉಸಿರು ಕಟ್ಟುವುದಿಲ್ಲ. ಕೋಣೆಗಳು ಒಂದರಂತೆ ಒಂದಿರುವುದೇ ಈ ಚಿತ್ರದ ಭಯದ ಮೂಲವಾದ್ದರಿಂದ ಇಲ್ಲಿ ಬಡತನವನ್ನು ಮನ್ನಿಸುವ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕೆ ಅತ್ಯುತ್ತಮ ಸಾಕ್ಷಿ ಶಬ್ದಕ್ಕೆ ಪ್ರತಿಕ್ರಿಯಿಸುವ ಕೋಣೆಯ ದೃಶ್ಯ. ಸುತ್ತಲಿನ ದಾರಿಗಳೆಲ್ಲ ಮುಚ್ಚಿರುವಾಗ, ಸದ್ದಾದರೆ ಗೋಡೆಗಳಿಂದ ಮೊಳೆಗಳು ಚಾಚಿಕೊಳ್ಳುವ ಕೋಣೆಯೊಂದನ್ನು ಅವರು ಒಬ್ಬೊಬ್ಬರಾಗಿ ಮೌನವಾಗಿ ದಾಟಬೇಕಾಗುತ್ತದೆ. ಅವರ ನಡುವೆ ತನ್ನ ಮಾತಿನ ಮೇಲೆ ಹಿಡಿತವಿಲ್ಲದ ಕಜಾನ್ ಎಂಬ ಯುವಕನೂ ಇದ್ದಾನೆ. ಹಿನ್ನೆಲೆ ಸಂಗೀತವನ್ನು ಅತ್ಯಂತ ಮಿತವಾಗಿ ಬಳಸಿರುವ ಮಾರ್ಕ್ ಕೊರ್ವೆನ್ ಇಲ್ಲಿ ತಾವೂ ಹಿಂದೆ ಸರಿಯುತ್ತಾರೆ. ಬಟ್ಟೆಯ ಸರಭರ, ತಡೆಹಿಡಿದ ಉಸಿರು, ಬೂಟಿನ ಅಂಚು ಲೋಹಕ್ಕೆ ತಾಗುವ ಸದ್ದು ಇವಿಷ್ಟೇ ಉಳಿಯುತ್ತವೆ. ಚಿತ್ರವನ್ನು ಟೀಕಿಸುವವರು ಕೂಡ ಈ ದೃಶ್ಯವನ್ನು ಹೊಗಳುತ್ತಾರೆ, ಮತ್ತು ಅದು ನ್ಯಾಯವಾದದ್ದೇ. ಹೋಲಿಸಿದರೆ ಆರಂಭದಲ್ಲಿ ಮನುಷ್ಯನೊಬ್ಬ ತಂತಿಜಾಲಕ್ಕೆ ಸಿಕ್ಕಿ ತುಂಡುತುಂಡಾಗುವ ಪ್ರಸಿದ್ಧ ದೃಶ್ಯ ಒಂದು ಎಚ್ಚರಿಕೆಯಷ್ಟೇ. ಆ ಬಗೆಯ ಸಾವುಗಳು ಮುಂದೆಯೂ ಸಾಲುಸಾಲಾಗಿ ಬರಲಿವೆಯೆಂದು ಕಾದವರಿಗೆ ನಿರಾಸೆಯಾಗಿದೆ. ಅವರು ನಿರೀಕ್ಷಿಸಿದ ಚಿತ್ರವೇ ಬೇರೆ.

ಅತ್ಯಂತ ಹೆಚ್ಚು ಕೇಳಿಬರುವ ದೂರು ವಿವರಣೆಯ ಅಭಾವದ್ದು. ಈ ರಚನೆಯನ್ನು ಕಟ್ಟಿದವರು ಯಾರು, ಉದ್ದೇಶವೇನು, ಈ ಜನರನ್ನೇ ಆರಿಸಿದ್ದೇಕೆ ಎಂಬ ಯಾವ ಪ್ರಶ್ನೆಗೂ ಚಿತ್ರ ಉತ್ತರಿಸುವುದಿಲ್ಲ. ಹೊರಗಿನ ಜಗತ್ತನ್ನು ತೋರಿಸಲು ಹಣ ಸಾಲದೆ ಮೌನವನ್ನೇ ಆಳವೆಂದು ಸಾಗಹಾಕಿದ್ದಾರೆ ಎಂಬುದು ಆರೋಪ. ಚಿತ್ರಕಥೆಯ ಇತಿಹಾಸ ಇದನ್ನು ಸಮರ್ಥಿಸುವುದಿಲ್ಲ. ನಟಾಲಿಯವರ ಮೊದಲ ಕರಡಿನಲ್ಲಿ ಹಾಸ್ಯದ ಧಾಟಿಯಿತ್ತು, ಗೋಡೆಯ ಮೇಲೆ ಬೆಳೆಯುವ ತಿನ್ನಬಹುದಾದ ಪಾಚಿಯಿತ್ತು, ನರಭಕ್ಷಕನೊಬ್ಬನಿದ್ದ, ಕೋಣೆಗಳಲ್ಲಿ ಅಲೆಯುವ ದೈತ್ಯಜೀವಿಯೂ ಇತ್ತು. ಸಹಲೇಖಕ ಆಂದ್ರೆ ಬಿಜೆಲಿಕ್ ಅವರ ನೆರವಿನಿಂದ ಇವನ್ನೆಲ್ಲ ತೆಗೆದುಹಾಕುತ್ತ ಹೋಗಿ, ಮನುಷ್ಯರು ಮತ್ತು ಕೋಣೆಗಳು ಮಾತ್ರ ಉಳಿಯುವಂತೆ ಮಾಡಲಾಯಿತು. ಪಾಚಿ, ನರಭಕ್ಷಕ ಇವುಗಳನ್ನು ಚಿತ್ರಿಸಲು ದೊಡ್ಡ ಹಣವೇನೂ ಬೇಕಿರಲಿಲ್ಲ. ಬೇಡವೆಂದು ಬಿಟ್ಟದ್ದನ್ನು ಸಿಗದೆ ಬಿಟ್ಟದ್ದೆಂದು ತಿಳಿಯುವುದು ಲೇಖಕರಿಗೆ ಮಾಡುವ ಅನ್ಯಾಯ.

ಅಲ್ಲದೆ ಚಿತ್ರ ಸಂಪೂರ್ಣವಾಗಿ ಮೌನವಾಗಿಯೂ ಇಲ್ಲ. ವರ್ತ್ ಎಂಬ ಪಾತ್ರ ತಾನೇ ಈ ರಚನೆಯ ಹೊರಕವಚವನ್ನು ವಿನ್ಯಾಸಗೊಳಿಸಿದವನೆಂದು ಒಪ್ಪಿಕೊಳ್ಳುತ್ತಾನೆ. ತನಗೆ ಕೆಲಸ ಕೊಟ್ಟವರು ಯಾರೆಂದು ಅವನು ಕೇಳಿರಲಿಲ್ಲ, ಸಹೋದ್ಯೋಗಿಗಳೂ ಕೇಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ಭಾಗವನ್ನು ಮಾಡಿಕೊಟ್ಟು ಸಂಬಳ ಪಡೆದರು. ಇದರ ಹಿಂದೆ ಸಂಚೂ ಇಲ್ಲ, ಸಂಚುಗಾರನೂ ಇಲ್ಲ. ಕಟ್ಟಿದ್ದಾಗಿದೆ, ಆದ್ದರಿಂದ ಬಳಸಲೇಬೇಕು, ಇಲ್ಲವಾದರೆ ಅದು ವ್ಯರ್ಥವೆಂದು ಒಪ್ಪಿಕೊಂಡಂತಾಗುತ್ತದೆ ಎಂಬುದು ಅವನ ಮಾತಿನ ಸಾರ. ದೊಡ್ಡ ಸಂಸ್ಥೆಯೊಂದರಲ್ಲಿ ತನ್ನ ಮೇಜಿನ ಮೇಲೆ ಬಂದ ಕಡತವನ್ನಷ್ಟೇ ನೋಡಿ ಮುಂದೆ ಕಳುಹಿಸಿದ ಯಾರಿಗಾದರೂ ಈ ಉತ್ತರ ಯಾವ ದೈತ್ಯಜೀವಿಗಿಂತಲೂ ಹೆಚ್ಚು ಭಯವನ್ನು ಹುಟ್ಟಿಸಬೇಕು. ಚಿತ್ರದಲ್ಲಿ ಉತ್ತರವಿಲ್ಲ ಎನ್ನುವವರು ಬಹುಶಃ ತಮಗೆ ಬೇಕಾದ ಉತ್ತರವಿಲ್ಲ ಎನ್ನುತ್ತಿದ್ದಾರೆ. ಪಾತ್ರಗಳ ಹೆಸರುಗಳೆಲ್ಲ ಸೆರೆಮನೆಗಳ ಹೆಸರುಗಳು ಎಂಬುದನ್ನು ಹಿಡಿದು ಗುಪ್ತಸೂತ್ರವೊಂದನ್ನು ಬಿಡಿಸಲು ಹೊರಟವರೂ ಇದ್ದಾರೆ: ಕ್ವೆಂಟಿನ್ ಕ್ಯಾಲಿಫೋರ್ನಿಯಾದ್ದು, ಹಾಲೊವೇ ಲಂಡನ್ನಿನದು, ರೆನ್ ಫ್ರಾನ್ಸಿನದು, ಲೀವನ್ ಮತ್ತು ವರ್ತ್ ಎರಡೂ ಸೇರಿ ಕ್ಯಾನ್ಸಸ್ಸಿನ ಲೆವೆನ್‌ವರ್ತ್. ಚೆಂದದ ಸಂಗತಿ, ಆದರೆ ಕಥೆಯ ಯಾವ ಬಾಗಿಲನ್ನೂ ಅದು ತೆರೆಯುವುದಿಲ್ಲ.

ನಟಾಲಿ ನಿರ್ದೇಶಿಸದ ಮುಂದಿನ ಭಾಗಗಳು 2002 ಮತ್ತು 2004ರಲ್ಲಿ ಬಂದವು. ಎರಡನೆಯದರಲ್ಲಿ ಶಸ್ತ್ರಾಸ್ತ್ರ ತಯಾರಿಸುವ ಕಂಪನಿಯೊಂದು ಕಾಣಿಸಿಕೊಳ್ಳುತ್ತದೆ. ಮೂರನೆಯದರಲ್ಲಿ ಕೋಣೆಗಳನ್ನು ಹೊರಗಿನಿಂದ ಗಮನಿಸುವ ನೌಕರರೇ ಎದುರಿಗೆ ಬರುತ್ತಾರೆ. ಕೇಳಿದ ವಿವರಣೆ ಸಿಕ್ಕಿತು, ಆದರೆ ನನ್ನ ಮಟ್ಟಿಗೆ ಭಯ ಅಷ್ಟರಮಟ್ಟಿಗೆ ಕಳೆದುಹೋಯಿತು.

ಇಲ್ಲಿಯವರೆಗೆ ಚಿತ್ರದ ಪರವಾಗಿ ವಾದಿಸಿದ್ದೇನೆ. ಗಣಿತದ ವಿಷಯದಲ್ಲಿ ಮಾತ್ರ ಟೀಕಾಕಾರರ ಪಕ್ಷವನ್ನೇ ವಹಿಸಬೇಕಾಗುತ್ತದೆ. ಗಣಿತ ವಿದ್ಯಾರ್ಥಿನಿಯಾದ ಲೀವನ್, ಸಂಖ್ಯೆಗಳಲ್ಲಿ ಒಂದಾದರೂ ಅವಿಭಾಜ್ಯವಾಗಿದ್ದರೆ ಆ ಕೋಣೆ ಅಪಾಯಕಾರಿ ಎಂದು ಮೊದಲು ಊಹಿಸುತ್ತಾಳೆ. ಆ ಊಹೆ ಸುಳ್ಳಾದ ಮೇಲೆ ಅವಿಭಾಜ್ಯ ಸಂಖ್ಯೆಗಳ ಘಾತಗಳೂ ಅಪಾಯದ ಗುರುತು ಎಂಬುದು ತಿಳಿಯುತ್ತದೆ. ಇಷ್ಟು ಸುಂದರವಾಗಿಯೇ ಇದೆ. ಆದರೆ ಈ ಲೆಕ್ಕವನ್ನು ಮನುಷ್ಯರು ಮನಸ್ಸಿನಲ್ಲಿ ಮಾಡಲು ಸಾಧ್ಯವೇ ಇಲ್ಲ ಎಂಬಂತೆ ಅವಳು ಕೈಚೆಲ್ಲುತ್ತಾಳೆ. ಆಗ ಅಪವರ್ತನಗಳನ್ನು ಕ್ಷಣಾರ್ಧದಲ್ಲಿ ಹೇಳಬಲ್ಲ ಕಜಾನ್ ನೆರವಿಗೆ ಬರುತ್ತಾನೆ. ಪ್ರಶ್ನೆಯಿರುವುದು ಮೂರಂಕಿಯ ಸಂಖ್ಯೆಗಳ ಬಗ್ಗೆ! ಸಾವಿರಕ್ಕಿಂತ ಚಿಕ್ಕದಾದ ಯಾವುದೇ ಸಂಖ್ಯೆಯನ್ನು ಪರೀಕ್ಷಿಸಲು 2ರಿಂದ 31ರವರೆಗಿನ ಹನ್ನೊಂದು ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಸಮಸಂಖ್ಯೆಯಾದರೆ ಅದು 2ರ ಘಾತವೇ ಎಂದು ಮಾತ್ರ ನೋಡಬೇಕು, 5ರಲ್ಲಿ ಕೊನೆಗೊಂಡರೆ 5ರ ಘಾತವೇ ಎಂದು ಮಾತ್ರ. 343 ಎಂಬುದು 7ರ ಘನ, 529 ಎಂಬುದು 23ರ ವರ್ಗ, 649 ಎಂಬುದು 11 ಮತ್ತು 59ರ ಗುಣಲಬ್ಧ. ಇವನ್ನು ಕಂಡುಹಿಡಿಯಲು ಗಣಿತದಲ್ಲಿ ಆಸಕ್ತಿಯಿರುವ ಹೈಸ್ಕೂಲು ವಿದ್ಯಾರ್ಥಿಗೂ ಹೆಚ್ಚು ಹೊತ್ತು ಬೇಕಾಗದು.

ಚಿತ್ರತಂಡ ಗಣಿತವನ್ನು ಲಘುವಾಗಿ ಕಂಡಿರಲಿಲ್ಲ ಎಂಬುದೇ ಈ ತಪ್ಪನ್ನು ಹೆಚ್ಚು ಖೇದಕರವಾಗಿಸುತ್ತದೆ. ಡೇವಿಡ್ ಪ್ರವಿಕಾ ಎಂಬ ಗಣಿತಜ್ಞರ ಸಲಹೆ ಅವರಿಗಿತ್ತು. ರಚನೆಯ ಹೊರಕವಚದ ಬದಿ 434 ಅಡಿ, ಕೋಣೆಯ ಬದಿ ಹದಿನೈದೂವರೆ ಅಡಿ ಎಂದು ಹೇಳಲಾಗುತ್ತದೆ. ಭಾಗಿಸಿದರೆ 28 ಬರುತ್ತದೆ, ಎರಡೂ ಬದಿಯಲ್ಲಿ ಒಂದೊಂದು ಕೋಣೆಯಷ್ಟು ತೆರವು ಬಿಟ್ಟರೆ 26 ಉಳಿಯುತ್ತದೆ, 26ರ ಘನ 17,576. ಕೋಣೆಗಳ ಒಟ್ಟು ಸಂಖ್ಯೆಯಾಗಿ ಚಿತ್ರ ಕೊಡುವುದೂ ಅದನ್ನೇ. ಪ್ರತಿ ಸಂಖ್ಯೆಯ ಅಂಕಿಗಳನ್ನು ಕೂಡಿದರೆ ಕೋಣೆಯ ನಿರ್ದೇಶಾಂಕ ಸಿಗುತ್ತದೆ ಎಂಬ ಯುಕ್ತಿಯೂ ಇದಕ್ಕೆ ಹೊಂದುತ್ತದೆ: 999ರ ಅಂಕಿಗಳ ಮೊತ್ತ 27, ಅಂದರೆ ಇಪ್ಪತ್ತಾರನ್ನು ಮೀರಿದ ಒಂದು ಸ್ಥಾನ, ಹೊರಗಿನ ದಾರಿ ತೆರೆಯುವುದು ಆ ಸ್ಥಾನಕ್ಕೆ ಬರುವ ಕೋಣೆಯಿಂದಲೇ. ಇಷ್ಟು ಪ್ರೀತಿಯಿಂದ ಲೆಕ್ಕ ಹಾಕಿದವರು ಮೂರಂಕಿಯ ಬದಲು ಒಂಬತ್ತಂಕಿಯ ಸಂಖ್ಯೆಗಳ ಅಪವರ್ತನವನ್ನು ಕೇಳಿದ್ದರೆ ಲೀವನ್‌ಳ ಹತಾಶೆ ನಿಜವಾಗುತ್ತಿತ್ತು. ಅದಕ್ಕೆ ಒಂದು ಡಾಲರೂ ಖರ್ಚಾಗುತ್ತಿರಲಿಲ್ಲ.

ಅಭಿನಯದ ಬಗೆಗಿನ ದೂರನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ. ವರ್ತ್ ಪಾತ್ರದ ಡೇವಿಡ್ ಹ್ಯೂಲೆಟ್ ಸೋತ ಮನುಷ್ಯನ ನಿರುತ್ಸಾಹವನ್ನು ಕೊನೆಯವರೆಗೂ ನಿಭಾಯಿಸಿದ್ದಾರೆ. ದೋಷವೆಲ್ಲ ಪೊಲೀಸ್ ಅಧಿಕಾರಿ ಕ್ವೆಂಟಿನ್ ಪಾತ್ರದ ಮೇಲೆ ಬಂದು ಬೀಳುತ್ತದೆ. ಮೊದಲರ್ಧದಲ್ಲಿ ಎಲ್ಲರನ್ನೂ ಮುನ್ನಡೆಸುವ, ಕುಟುಂಬವನ್ನು ನೆನೆಯುವ ಈತ ಉತ್ತರಾರ್ಧದಲ್ಲಿ ಅವರಲ್ಲೊಬ್ಬಳಾದ ವೈದ್ಯೆ ಹಾಲೊವೇಯನ್ನು ಕೈಬಿಟ್ಟು ಪ್ರಪಾತಕ್ಕೆ ಬೀಳಿಸುವ ಕೊಲೆಗಾರನಾಗುತ್ತಾನೆ. ಅಧಿಕಾರದ ಅಭ್ಯಾಸವಿರುವ ಮನುಷ್ಯ ಭಯದಲ್ಲಿ ಕ್ರೂರಿಯಾಗುವುದು ನಂಬಬಹುದಾದ ಮಾತೇ. ನಂಬಲಾಗದಿರುವುದು ಆ ಬದಲಾವಣೆಯ ವೇಗ. ಮಾರಿಸ್ ಡೀನ್ ವಿಂಟ್ ಅದನ್ನು ಕಣ್ಣರಳಿಸಿ ಅಬ್ಬರಿಸಿ ತುಂಬಲು ಯತ್ನಿಸುತ್ತಾರೆ, ಏಕೆಂದರೆ ನಡುವೆ ಇರಬೇಕಾಗಿದ್ದ ಎರಡು ಮೂರು ಸಣ್ಣ ದೃಶ್ಯಗಳನ್ನು ಅವರಿಗೆ ಯಾರೂ ಬರೆದುಕೊಟ್ಟಿಲ್ಲ. ಬಣ್ಣದ ಕ್ರಮದಲ್ಲಿ ನಡೆದ ಚಿತ್ರೀಕರಣ ಇದನ್ನು ಇನ್ನಷ್ಟು ಕಠಿಣಗೊಳಿಸಿರಬಹುದು. ಆದರೂ ಹಣವಿಲ್ಲದಿದ್ದರೆ ಅಭಿನಯ ಹೀಗೆಯೇ ಎಂದು ತಳ್ಳಿಹಾಕುವವರು 2013ರ 'ಕೊಹೆರೆನ್ಸ್' ಚಿತ್ರವನ್ನು ನೋಡಬೇಕು. ಜೇಮ್ಸ್ ವಾರ್ಡ್ ಬೈರ್ಕಿಟ್ ಅದನ್ನು ತಮ್ಮ ಮನೆಯಲ್ಲಿಯೇ, ಐದು ರಾತ್ರಿಗಳಲ್ಲಿ, ನಟರಿಗೆ ಪೂರ್ಣ ಚಿತ್ರಕಥೆಯ ಬದಲು ಅಂದಂದಿನ ಟಿಪ್ಪಣಿಗಳನ್ನು ಮಾತ್ರ ಕೊಟ್ಟು ಚಿತ್ರೀಕರಿಸಿದರು. ಅಲ್ಲಿನ ಮಾತು, ತಡವರಿಕೆ, ಅನುಮಾನ ಎಲ್ಲವೂ ನಿಜದ ಗೆಳೆಯರವೆಂಬಂತೆ ತೋರುತ್ತವೆ.

ಇನ್ನುಳಿದದ್ದು ಕಜಾನ್‌ನ ಪ್ರಶ್ನೆ, ಮತ್ತು ಇತ್ತೀಚಿನ ಪ್ರೇಕ್ಷಕರು ಇದನ್ನು ಹಿಂದಿನವರಿಗಿಂತ ಗಟ್ಟಿಯಾಗಿ ಎತ್ತುತ್ತಿರುವುದು ನನಗೆ ಸಮಾಧಾನದ ವಿಷಯ. ಆಟಿಸಂ ಇರುವ ವ್ಯಕ್ತಿಯೆಂದರೆ ಲೆಕ್ಕದ ಯಂತ್ರವೆಂಬ ಅಂದಿನ ಸಿನಿಮಾಗಳ ರೂಢಿಗೆ ಈ ಚಿತ್ರವೂ ಶರಣಾಗಿದೆ. ಅವನ ಭಯ, ಅವನ ಇಷ್ಟ, ಈ ಕೋಣೆಗಳು ಅವನಿಗೆ ಹೇಗೆ ಕಾಣುತ್ತವೆಂಬುದು ಯಾವುದೂ ನಮಗೆ ತಿಳಿಯುವುದಿಲ್ಲ; ಉಳಿದವರ ಕಣ್ಣಿನಲ್ಲಿ ಅವನು ಮೊದಲು ಹೊರೆ, ಆಮೇಲೆ ಉಪಕರಣ. ಕೊನೆಯಲ್ಲಿ ಅವನೊಬ್ಬನೇ ಹೊರಗಿನ ಬೆಳಕಿನತ್ತ ನಡೆಯುವುದನ್ನು ಕೆಲವರು ಅವನಿಗೆ ಸಂದ ಗೌರವವೆಂದು ಓದುತ್ತಾರೆ. ನಾನು ಹಾಗೆ ಓದಲಾರೆ. ದುರಾಸೆಯಾಗಲಿ ಅಪರಾಧವಾಗಲಿ ಅಂಟದ ಮುಗ್ಧನೊಬ್ಬ ಮಾತ್ರ ಪಾರಾಗುತ್ತಾನೆಂಬ ಅರ್ಥ ಬರಬೇಕಾಗಿದ್ದರಿಂದ ಅವನನ್ನು ಅಲ್ಲಿಗೆ ತಲುಪಿಸಲಾಗಿದೆ. ಆಂಡ್ರ್ಯೂ ಮಿಲ್ಲರ್ ಆ ಪಾತ್ರವನ್ನು ಶ್ರದ್ಧೆಯಿಂದಲೇ ನಿರ್ವಹಿಸಿದ್ದಾರೆ, ಆದರೆ ಹಾಲೊವೇ ಅವನ ಕೈ ಹಿಡಿದು ಸಮಾಧಾನಪಡಿಸುವ ಕೆಲವೇ ಕ್ಷಣಗಳನ್ನು ಬಿಟ್ಟರೆ ಅವನನ್ನು ಮನುಷ್ಯನಾಗಿ ಕಾಣುವ ಒಂದು ಪುಟವನ್ನೂ ಚಿತ್ರಕಥೆ ಅವರಿಗೆ ಕೊಟ್ಟಿಲ್ಲ.