ಚಿತ್ರದ ಹಿಂದಿನ ರಟ್ಟು

ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂನಲ್ಲಿ ನನ್ನ ಕೆಲಸ ಗ್ಯಾಲರಿಯಲ್ಲಲ್ಲ, ಸ್ಟೋರ್‌ ರೂಮಿನಲ್ಲಿ. ಎಚ್ಚಿಂಗ್ (ಲೋಹದ ಫಲಕವನ್ನು ಆಮ್ಲದಿಂದ ಕೊರೆದು ಒತ್ತಿದ ಅಚ್ಚಿನ ಚಿತ್ರ), ಮರದಚ್ಚಿನ ಚಿತ್ರ, ಜಲವರ್ಣ, ಹೀಗೆ ಕಾಗದದ ಕೃತಿಗಳೆಲ್ಲ ನನ್ನ ಪಾಲಿಗೆ. ಇವು ಗೋಡೆ ಏರುವುದು ಅಪರೂಪ. ಏರಿದರೂ ಬೆಳಕು 50 ಲಕ್ಸ್ ದಾಟಬಾರದು, ಅದೂ ಕೆಲವೇ ತಿಂಗಳು. ಬೆಳಕಿಗೆ ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ವಾಪಸ್ ಬರುವುದಿಲ್ಲ ಅಲ್ವಾ. ಹಾಗಾಗಿ ಇವುಗಳ ಆಯುಸ್ಸೆಲ್ಲ ಕಳೆಯುವುದು ಪೆಟ್ಟಿಗೆಯೊಳಗೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಪೆಟ್ಟಿಗೆ ಎಚ್ಚಿಂಗ್‌ಗಳ ಹಳೇ ರಟ್ಟು ತೆಗೆದು ಹೊಸದು ಹಾಕಲು ಹೇಳಿದರು. ಮರದ ತಿರುಳಿನ ಅಗ್ಗದ ರಟ್ಟು ಹಳತಾದಂತೆ ಆಮ್ಲ ಬಿಡುತ್ತದೆ. ಅದು ತಾಗಿದ ಕಡೆಯೆಲ್ಲ ಕಾಗದದ ಮೇಲೆ ಸುಟ್ಟಂಥ ಕಂದು ಗೆರೆ. ಮೂಲೆ ಹಿಡಿದರೆ ಒಣಗಿದ ಎಲೆಯ ಹಾಗೆ ಮುರಿದು ಕೈಗೆ ಬರುತ್ತಿತ್ತು. ಹೊಸದು ಹತ್ತಿಯ ನಾರಿನ ರಟ್ಟು. ಅದಕ್ಕೆ ಚಿತ್ರವನ್ನು ತೆಳ್ಳನೆಯ ಜಪಾನಿ ಕಾಗದದ ಪಟ್ಟಿ, ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತೇವೆ. ಬೇಕೆಂದಾಗ ಚೂರು ತೇವ ಮಾಡಿದರೆ ಬಿಡಿಸಬಹುದು. ನನಗೆ ತುಂಬ ಇಷ್ಟದ ಕೆಲಸ. ಹಳೇ ರಟ್ಟು ಶತ್ರು ಅಂದುಕೊಂಡು ಒಂದೊಂದೇ ಕಸದ ಬುಟ್ಟಿಗೆ ಹಾಕುತ್ತ ಹೋದೆ.

ಎರಡನೇ ದಿನ ಹಿರಿಯ ಮೇಡಂ ಬಂದು ಬುಟ್ಟಿಯಿಂದ ಒಂದನ್ನು ಎತ್ತಿದರು. "ಹಿಂದುಗಡೆ ನೋಡಿದ್ಯೇನಮ್ಮಾ?" ಅಂದರು. ನೋಡಿರಲಿಲ್ಲ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರು. ಮಾಸಿದ ಪೆನ್ಸಿಲ್ ಬರಹದ ಗುಂಡಿ ಗುಂಡಿ ಗುರುತು ಎದ್ದು ಕಂಡಿತು. ಮೂರು ಭಾಗದ ಒಂದು ನಂಬರ್.

ನಮ್ಮಲ್ಲಿ ನಂಬರ್ ಅಂದರೆ ಕೃತಿಯ ಜಾತಕ. ಮೊದಲು ಮ್ಯೂಸಿಯಂಗೆ ಬಂದ ವರ್ಷ, ಆಮೇಲೆ ಆ ವರ್ಷದ ಎಷ್ಟನೇ ಕಂತಿನಲ್ಲಿ ಬಂತು, ಕೊನೆಗೆ ಆ ಕಂತಿನಲ್ಲಿ ಎಷ್ಟನೆಯದು. ಹಳೇ ರಿಜಿಸ್ಟರ್ ತೆಗೆದು ನೋಡಿದೆವು. ಆ ಸಾಲಿನ ಎದುರು "ಸಿಕ್ಕಿಲ್ಲ" ಎಂದು ಬರೆದಿತ್ತು. ಕಳೆದುಹೋಗಿದೆ ಅಂದುಕೊಂಡಿದ್ದ ಕೃತಿ ನನ್ನ ಮೇಜಿನ ಮೇಲೇ ಇತ್ತು. ಯಾರು ಕೊಟ್ಟದ್ದು, ಅವರ ಕೈಗೆ ಎಲ್ಲಿಂದ ಬಂದದ್ದು, ಎಲ್ಲ ಆ ಸಾಲಿನಲ್ಲಿತ್ತು. ಖುಷಿಯಾಗಬೇಕಿತ್ತು. ನನಗೆ ಎದೆ ಧಸಕ್ಕೆಂದಿತು. ಮೊದಲ ದಿನದ ಎರಡು ರಟ್ಟು ಆಗಲೇ ಕಸದ ಜೊತೆ ಹೋಗಿದ್ದವು.

ಈಗ ಏನನ್ನೇ ಬಿಚ್ಚುವ ಮೊದಲು ಮುಂದೆ, ಹಿಂದೆ, ಓರೆ ಬೆಳಕಿನಲ್ಲಿ ಫೋಟೊ ತೆಗೆಯುತ್ತೇನೆ. ಚೀಟಿ, ಬರಹ ಇರುವ ಭಾಗವನ್ನು ಕತ್ತರಿಸಿ ಪಾಲಿಯೆಸ್ಟರ್ ಲಕೋಟೆಗೆ ಹಾಕಿ, ನಂಬರ್ ಬರೆದು ಫೈಲ್‌ಗೆ ಸೇರಿಸುತ್ತೇನೆ. ಆಮ್ಲದ ರಟ್ಟು ಚಿತ್ರದ ಪಕ್ಕ ಇರಬಾರದು, ಸರಿ. ಅದರ ಮೇಲಿನ ಮಾತನ್ನೂ ಎಸೆಯಬೇಕಿಲ್ಲ.

ಅಧ್ಯಯನ ಕೋಣೆಗೆ ವಿದ್ಯಾರ್ಥಿಗಳು ಬಂದಾಗಲೂ ಚಿತ್ರವನ್ನು ತಿರುಗಿಸಿಯೇ ತೋರಿಸುತ್ತೇನೆ. ಕೆಲವುಗಳ ಬೆನ್ನ ಮೇಲೆ ಹಿಂದಿನ ಸಂಗ್ರಾಹಕರ ಉಗುರಗಲದ ಮುದ್ರೆ ಇರುತ್ತದೆ. ಇಂಥ ಮುದ್ರೆಗಳನ್ನು ಗುರುತಿಸಲೆಂದೇ ಡಚ್ ಕಲಾ ಸಂಗ್ರಾಹಕ ಫ್ರಿಟ್ಸ್ ಲುಗ್ಟ್ 1921ರಲ್ಲಿ ಒಂದು ಕೋಶ ಪ್ರಕಟಿಸಿದರು. ಮುದ್ರೆ ಸಿಕ್ಕಿದ ಕೂಡಲೇ ಮಕ್ಕಳು ಅದನ್ನು ಆ ಕೋಶದಲ್ಲಿ ಹುಡುಕಲು ಕೂರುತ್ತಾರೆ, ಕ್ಲಾಸ್ ಮುಗಿದರೂ ಏಳುವುದಿಲ್ಲ.

ಆ ಎರಡು ಎಚ್ಚಿಂಗ್‌ಗಳನ್ನೂ ಆಗಾಗ ಕೇಳುತ್ತಾರೆ. ಅವುಗಳ ಕಾರ್ಡಿನಲ್ಲಿ ಎಲ್ಲಿಂದ ಬಂತು ಎನ್ನುವ ಜಾಗ ಖಾಲಿ. ಕೆಳಗೆ ನಾನೇ ಬರೆದಿದ್ದೇನೆ: "ಹಳೇ ರಟ್ಟು ಉಳಿಸಿಲ್ಲ." ಪಕ್ಕದಲ್ಲಿ ತಾರೀಕು, ನನ್ನ ಸಹಿ.