ರಿಕಿ ಓಡಿದ ನೆಲ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಡೆಯಿಂದ ಬಾರ್ಟ್ ರೈಲಿನಲ್ಲಿ ಬಂದರೆ ಓಕ್ಲಂಡಿನ ಕಾಲಿಸಿಯಂ ಸ್ಟೇಷನ್ನಿನಿಂದ ಕ್ರೀಡಾಂಗಣಕ್ಕೆ ನೇರ ಕಾಲುಸೇತುವೆ. ಪಂದ್ಯದ ದಿನ ಅದರ ಮೇಲೆ ಟೋಪಿ, ನೀರು, ಹಾಟ್‌ಡಾಗ್ ಮಾರುವವರ ಗದ್ದಲ ಇರುತ್ತಿತ್ತು. 2025ರ ಜನವರಿಯಲ್ಲಿ ನಾನು ಹೋದಾಗ ಗೇಟಿಗೆ ಬೀಗ.

ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ಇಲ್ಲಿ ಕೊನೆಯ ಪಂದ್ಯ ಆಡಿ ಊರು ಬಿಟ್ಟದ್ದು 2024ರ ಸೆಪ್ಟೆಂಬರ್ 26ಕ್ಕೆ. ಡಿಸೆಂಬರ್ 20ರಂದು ಆ ತಂಡದ ಹೆಸರಾಂತ ಆಟಗಾರನಾಗಿದ್ದ ರಿಕಿ ಹೆಂಡರ್ಸನ್ ನ್ಯುಮೋನಿಯಾದಿಂದ ತೀರಿಕೊಂಡ. ಇನ್ನೈದು ದಿನ ಇದ್ದಿದ್ದರೆ 66 ತುಂಬುತ್ತಿತ್ತು. ಒಳಗಿನ ಮೈದಾನಕ್ಕೆ 2017ರಿಂದ ಅವನದೇ ಹೆಸರು. ಅದರ ಹುಲ್ಲನ್ನೂ ಕಾಣಲಾಗದೆ ಕಾಂಕ್ರೀಟು ಗೋಡೆಯ ಸುತ್ತ ನಡೆದೆ.

ಬ್ಯಾಟು ಬೀಸುವುದನ್ನಷ್ಟೇ ನೋಡುವವರಿಗೆ ರಿಕಿ ದಕ್ಕುವವನಲ್ಲ. ಅವನ ನಿಜವಾದ ಆಟ ಶುರುವಾಗುತ್ತಿದ್ದುದು ಮೊದಲ ಬೇಸ್ ತಲುಪಿದ ಮೇಲೆ. (ರನ್ ಗಳಿಸಲು ಒಂದೊಂದಾಗಿ ಮುಟ್ಟುತ್ತಾ ಹೋಗಬೇಕಾದ ಗುರುತಿನ ಮೆತ್ತೆಯೇ ಬೇಸ್.) ಬೆರಳು ಆಡಿಸುತ್ತಾ, ಬೇಸಿನಿಂದ ಹೆಜ್ಜೆ ಹೆಜ್ಜೆಯಾಗಿ ದೂರ ಸರಿಯುತ್ತಾ ನಿಲ್ಲುತ್ತಿದ್ದ. ಪಿಚರ್ ಎಸೆಯಲು ಹೊರಟದ್ದೇ ತಡ, ಎರಡನೇ ಬೇಸಿಗೆ ದೌಡು, ಕೊನೆಗೆ ತಲೆ ಮುಂದಾಗಿ ಎದೆಯ ಮೇಲೆ ಜಾರುವುದು. ವಿಮಾನ ಇಳಿಯುವ ರೀತಿ ನೋಡಿ ಆ ಜಾರುವಿಕೆ ಕಲಿತೆ ಎನ್ನುತ್ತಿದ್ದ. ಚೆಂಡು ಹೊಡೆಯುವುದಕ್ಕೆ ಕಾಯದೆ ಹೀಗೆ ಮುಂದಿನ ಬೇಸಿಗೆ ಓಡಿ ಸೇರುವುದಕ್ಕೆ ಬೇಸ್ ಕದಿಯುವುದು ಎನ್ನುತ್ತಾರೆ. ಜೀವಮಾನದಲ್ಲಿ ಅವನು ಕದ್ದದ್ದು 1,406 ಬೇಸ್. 1982ರ ಒಂದೇ ಸೀಸನ್ನಿನಲ್ಲಿ 130. ಅವನ ನಂತರದ ಸ್ಥಾನ ಲೂ ಬ್ರಾಕ್‌ನದು, 938. ಗುಂಡಪ್ಪ ವಿಶ್ವನಾಥರ ಭಕ್ತರಾದ ನಮ್ಮಪ್ಪ, "ಚೆಂಡು ಹೊಡೆಯದೇ ಓಡೋದು ಎಂಥ ಆಟವೋ" ಎಂದು ಗೊಣಗುತ್ತಲೇ ಟಿವಿ ಮುಂದೆ ಕುರ್ಚಿ ಎಳೆದುಕೊಳ್ಳುತ್ತಿದ್ದರು.

ಬ್ರಾಕ್‌ನ ದಾಖಲೆ ಮುರಿದದ್ದು ಇದೇ ಅಂಗಣದಲ್ಲಿ, 1991ರ ಮೇ 1ರಂದು. ಮೂರನೇ ಬೇಸನ್ನು ಕಿತ್ತು ತಲೆಯ ಮೇಲೆತ್ತಿ ಹಿಡಿದ. ಬ್ರಾಕ್ ಪಕ್ಕದಲ್ಲಿರುವಾಗಲೇ ಮೈಕಿನಲ್ಲಿ, ಇವತ್ತಿಗೆ ಸರ್ವಕಾಲದ ಶ್ರೇಷ್ಠ ನಾನೇ ಎಂದುಬಿಟ್ಟ! ಎಂಥ ಜಂಬ ಎಂದು ಪತ್ರಿಕೆಗಳು ಬೈದವು. ನನಗೆ ಇಂದಿಗೂ ಅದು ಜಂಬ ಅನ್ನಿಸುವುದಿಲ್ಲ. ಲೆಕ್ಕ ಅವನ ಕಡೆಗಿತ್ತು. ಸುಳ್ಳು ವಿನಯ ಏಕೆ ಬೇಕಿತ್ತು?

ಮಧ್ಯಾಹ್ನ ಮ್ಯಾಕ್‌ಆರ್ಥರ್ ಸ್ಟೇಷನ್ನಿನಲ್ಲಿ ಇಳಿದು ಬ್ರಾಡ್‌ವೇವರೆಗೆ ನಡೆದೆ. ಅಲ್ಲಿದೆ ರಿಕಿ ಓದಿದ ಓಕ್ಲಂಡ್ ಟೆಕ್ನಿಕಲ್ ಹೈಸ್ಕೂಲು, ಎತ್ತರದ ಕಂಬಗಳ ಹಳೆಯ ಕಟ್ಟಡ. ಹುಡುಗನಿಗೆ ಮನಸ್ಸಿದ್ದದ್ದು ಅಮೆರಿಕನ್ ಫುಟ್‌ಬಾಲಿನ ಮೇಲೆ. ಅದರಲ್ಲಿ ಮೈಕೈ ಮುರಿಯುತ್ತದೆಂದು ತಾಯಿ ಬೇಸ್‌ಬಾಲಿಗೆ ದೂಡಿದರು. ಶಾಲೆಯ ಸಲಹೆಗಾರ್ತಿಯೊಬ್ಬರು ಹೊಡೆದ ಹಿಟ್, ಗಳಿಸಿದ ರನ್, ಕದ್ದ ಬೇಸ್ ಒಂದೊಂದಕ್ಕೂ 25 ಸೆಂಟಿನ ಆಸೆ ತೋರಿಸಿದರಂತೆ. ಗೇಟಿನ ಮುಂದೆ ನಿಂತು ಫೋನಿನಲ್ಲಿ ಗುಣಿಸಿ ನೋಡಿದೆ. ಅದೇ ದರ ಕೊನೆಯವರೆಗೂ ನಡೆದಿದ್ದರೆ, ಕದ್ದ ಬೇಸುಗಳ ಬಾಬ್ತೇ 351 ಡಾಲರ್ 50 ಸೆಂಟ್.