ಜನನ ಪತ್ರಕ್ಕೆ ಅಪೊಸ್ಟಿಲ್: ಒಂದು ಕಡತ ನಡೆದ ದಾರಿ

ಹಾಸನ ಕಡೆಯ ಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಗಂಡನ ಜೊತೆ ನೆದರ್ಲೆಂಡ್ಸ್‌ಗೆ ಹೊರಟಿದ್ದರು. ಅಲ್ಲಿಯ ಪುರಸಭೆಯಲ್ಲಿ ನೋಂದಾಯಿಸಿಕೊಳ್ಳಲು ಜನನ ಪತ್ರ ಮತ್ತು ವಿವಾಹ ನೋಂದಣಿ ಪತ್ರ ಬೇಕು, ಎರಡಕ್ಕೂ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಕಾಗದ ಒಪ್ಪಲೆಂದು ನಮ್ಮ ವಿದೇಶಾಂಗ ಸಚಿವಾಲಯ ಹಾಕುವ ದೃಢೀಕರಣ, ಆಗಿರಬೇಕು. ವಿವಾಹದ ಪತ್ರ ಸಲೀಸಾಗಿ ಮುಗಿಯಿತು. ತಡವಾದದ್ದು ಜನನ ಪತ್ರದ್ದು.

ಮನೆಯಲ್ಲಿದ್ದ ಹಳೆಯ ಪ್ರತಿ ಕೈಬರಹದ್ದು, ಪೂರ್ತಿ ಕನ್ನಡದಲ್ಲಿತ್ತು, ಹಾಳಾಗಬಾರದೆಂದು ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು. ಲ್ಯಾಮಿನೇಟ್ ಆದ ಕಾಗದದ ಮೇಲೆ ಮುದ್ರೆ ಒತ್ತಲಾಗುವುದಿಲ್ಲ, ಸ್ಟಿಕ್ಕರ್ ಅಂಟಿಸಲೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಸಹಿಯದು. ಪತ್ರ ಕೊಟ್ಟ ಅಧಿಕಾರಿಯ ಸಹಿಯನ್ನು ರಾಜ್ಯದ ಗೃಹ ಇಲಾಖೆ ದೃಢೀಕರಿಸುತ್ತದೆ. ಗೃಹ ಇಲಾಖೆಯ ಅಧಿಕಾರಿಯ ಸಹಿಯನ್ನು ತನ್ನಲ್ಲಿರುವ ಮಾದರಿ ಸಹಿಯೊಂದಿಗೆ ಹೋಲಿಸಿ ವಿದೇಶಾಂಗ ಸಚಿವಾಲಯ ಅಪೊಸ್ಟಿಲ್ ಹಾಕುತ್ತದೆ. ಪತ್ರ ಕೊಟ್ಟು ಎಂದೋ ನಿವೃತ್ತರಾದವರ ಸಹಿಗೆ ಮಾದರಿ ಸಿಗದಿದ್ದರೆ ಕಡತ ಗೃಹ ಇಲಾಖೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಹಳೆಯದನ್ನು ಹಿಡಿದು ಓಡಾಡುವ ಬದಲು ಹೊಸ ಪ್ರತಿಯನ್ನೇ ತೆಗೆಸಬೇಕು. ಹಳ್ಳಿಯ ಹಳೆಯ ಜನನ ರಿಜಿಸ್ಟರ್‌ಗಳು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಕನ್ನಡ, ಇಂಗ್ಲಿಷ್ ಎರಡೂ ಇರುವ ಜನನ ಪತ್ರದ ನಮೂನೆ 5ರಲ್ಲೇ ಕೇಳಿ. ಇಂಗ್ಲಿಷ್ ಇದ್ದರೆ ನೆದರ್ಲೆಂಡ್ಸ್‌ನಲ್ಲಿ ಅನುವಾದದ ಖರ್ಚು ಉಳಿಯುತ್ತದೆ.

ಹೊಸ ಪ್ರತಿ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲೇ, ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಒಂದೊಂದು ಅಕ್ಷರವನ್ನೂ ಹೋಲಿಸಬೇಕು. ನಮ್ಮ ಕಡೆಯ ಕಾಗದಗಳು ಹೆಚ್ಚಾಗಿ ಎಡವುವುದು ಇನಿಷಿಯಲ್‌ನಲ್ಲಿ. ಜನನ ಪತ್ರದಲ್ಲಿ ತಂದೆ ‘ಎಚ್. ಕೆ. ನಂಜೇಗೌಡ’, ಮಗಳ ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಅಜ್ಜನ ಹೆಸರೂ ಬಿಡಿಸಿ ಬರೆದ ಉದ್ದ ಹೆಸರು. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಇಲ್ಲಿಯ ಬ್ಯಾಂಕಿನಲ್ಲಿ ನಡೆದೀತು, ವಿದೇಶದ ಕಚೇರಿ ಒಪ್ಪುತ್ತದೆಂಬ ಖಾತ್ರಿಯಿಲ್ಲ. ಮೂಲ ದಾಖಲೆಯನ್ನೇ ತಿದ್ದಿಸುವುದು ಕಷ್ಟವಾದರೂ ಅದೇ ಸರಿಯಾದ ದಾರಿ. ಅಪೊಸ್ಟಿಲ್ ಆದಮೇಲೆ ತಿದ್ದುಪಡಿ ಎಂದರೆ ಹೊಸ ಪತ್ರ, ಗೃಹ ಇಲಾಖೆ, ಸಚಿವಾಲಯ ಎಲ್ಲವೂ ಮೊದಲಿಂದ. ಮಗುವಿನ ಹೆಸರೇ ಇಲ್ಲದ ಪತ್ರಗಳೂ ಬರುತ್ತವೆ. ಹೆಸರು ಸೇರಿಸಲು ಮೊದಲ 12 ತಿಂಗಳು ಶುಲ್ಕವಿಲ್ಲ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೆ ಅವಕಾಶವುಂಟು. ಚಿಕ್ಕ ಮಕ್ಕಳಿರುವವರು ದಯವಿಟ್ಟು ಇದನ್ನು ಈಗಲೇ ನೋಡಿಕೊಳ್ಳಿ.

ಮುಂದಿನದು ಇಷ್ಟು ಗೋಜಲಲ್ಲ. ಸಚಿವಾಲಯ ನೇರವಾಗಿ ಜನರಿಂದ ಕಾಗದ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಏಜೆನ್ಸಿ ಮೂಲಕ ಕೊಡಬೇಕು. 2019ರಿಂದ ಬೆಂಗಳೂರಿನಲ್ಲೇ ಆಗುತ್ತದೆ, ದೆಹಲಿಯ ಹಾದಿ ಕಾಯಬೇಕಿಲ್ಲ. ಸರ್ಕಾರಿ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಏಜೆನ್ಸಿಯ ಸೇವಾ ಶುಲ್ಕ ಪ್ರತ್ಯೇಕ. ಪದವಿ, ಅಂಕಪಟ್ಟಿಗಳಾದರೆ ಗೃಹ ಇಲಾಖೆಯಲ್ಲ, ಉನ್ನತ ಶಿಕ್ಷಣ ಇಲಾಖೆ. ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ಕ್ಲಿಯರೆನ್ಸ್ ಪತ್ರ ಕೇಂದ್ರದ್ದೇ ಆದ್ದರಿಂದ ರಾಜ್ಯದ ಮುದ್ರೆ ಬೇಕಿಲ್ಲ.

ನೋಟರಿ ಮಾಡಿಸಿದ ಜೆರಾಕ್ಸ್ ಮೇಲೆ ಅಪೊಸ್ಟಿಲ್ ಹಾಕಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳಿದ್ದಾರೆ. ಅಪೊಸ್ಟಿಲ್ ಸಹಿ, ಸಹಿ ಮಾಡಿದವರ ಹುದ್ದೆ, ಮುದ್ರೆ ಇಷ್ಟನ್ನೇ ದೃಢಪಡಿಸುತ್ತದೆ. ಒಳಗಿನ ವಿವರ ನಿಜವೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಜೆರಾಕ್ಸ್ ಮೇಲಿನದು ನೋಟರಿಯ ಸಹಿಗೆ ಸಿಕ್ಕ ದೃಢೀಕರಣವಾಯಿತು, ಜನನ ಪತ್ರಕ್ಕಲ್ಲ. ಮೂಲ ಪತ್ರವನ್ನೇ ಕೇಳುವ ಪುರಸಭೆ ಅದನ್ನು ವಾಪಸ್ ಕಳಿಸುತ್ತದೆ.

ಯಾವ ದೇಶಕ್ಕೆ ಎಂಬುದನ್ನು ಮಾತ್ರ ಎಲ್ಲಕ್ಕಿಂತ ಮೊದಲು ಖಚಿತ ಮಾಡಿಕೊಳ್ಳಿ. ಅಪೊಸ್ಟಿಲ್ ನಡೆಯುವುದು ಅದನ್ನು ಪರಸ್ಪರ ಒಪ್ಪುವ ಹೇಗ್ ಒಪ್ಪಂದದ ದೇಶಗಳಲ್ಲಿ ಮಾತ್ರ, ಭಾರತಕ್ಕೆ ಆ ಒಪ್ಪಂದ ಜಾರಿಯಾದದ್ದು 2005ರ ಜುಲೈ 14ರಂದು. ಕೊಲ್ಲಿಯಲ್ಲಿ ಒಮಾನ್, ಬಹ್ರೇನ್ ಅದರಲ್ಲಿವೆ, 2022ರ ಡಿಸೆಂಬರ್‌ನಿಂದ ಸೌದಿಯೂ ಇದೆ. ಮಂಗಳೂರು, ಭಟ್ಕಳದ ಕಡೆಯವರು ಹೆಚ್ಚಾಗಿ ಹೋಗುವ ಯುಎಇಗೆ ಅಪೊಸ್ಟಿಲ್ ನಡೆಯುವುದಿಲ್ಲ. ನಮ್ಮ ಸಚಿವಾಲಯದ ಅಟೆಸ್ಟೇಷನ್ (ಸಾಮಾನ್ಯ ದೃಢೀಕರಣ) ಆದಮೇಲೆ ಅವರ ರಾಯಭಾರ ಕಚೇರಿಯದೂ ಆಗಬೇಕು, ಅಲ್ಲಿಗೆ ಹೋದಮೇಲೆ ಅವರ ವಿದೇಶಾಂಗ ಸಚಿವಾಲಯದ ಮುದ್ರೆಯೂ ಬೇಕು.